ಏಳು

ಹೊನ್ನಕ್ಕನ ಮಂಡಿ ವಯಸ್ಸಿಗೆ ಸವೆದಿದೆ ಅಂದರು ಡಾಕ್ಟರು. ಶುದ್ಧ ಸುಳ್ಳು. ವಯಸ್ಸು ನಂಜಪ್ಪನವರಿಗೂ ಆಗಿತ್ತು. ಅವರ ಮಂಡಿಯೂ ಸವೆದಿತ್ತು ಅನ್ನಿ, ಅದು ಕೂತು ತಿಂದ ಮೈಯ ಭಾರಕ್ಕೆ. ಹೊನ್ನಕ್ಕನ ಮೈಯಲ್ಲಿ ಭಾರ ಎಲ್ಲಿಂದ ಬರಬೇಕು? ಅವಳ ಮಂಡಿಯನ್ನು ತಿಂದದ್ದು ನಂಜಪ್ಪನವರ ಹೊಲ.

ಹಾಸನದ ಹತ್ತಿರ ಸಾಲಗಾಮೆ ಕಡೆಯ ಹೊಲ ನೋಡಿದವರಿಗೆ ಗೊತ್ತು. ಮುಂಗಾರಿಗೆ ಆಲೂಗಡ್ಡೆ, ನೀರಿದ್ದ ಕಡೆ ಶುಂಠಿ. ಎರಡೂ ಕೂತು ಮಾಡುವ ಕೆಲಸ. ಕೂತು ಅಂದರೆ ಕುರ್ಚಿಯ ಮೇಲಲ್ಲ. ಕುಕ್ಕರಗಾಲಲ್ಲಿ ಕೂತು, ಕೂತ ಹಾಗೇ ಕಪ್ಪೆಯಂತೆ ಮುಂದಕ್ಕೆ ಸರಿಯುತ್ತಾ ಕಳೆ ಕೀಳಬೇಕು, ಗೆಡ್ಡೆ ಆಯಬೇಕು, ಮಕ್ಕರಿ ತುಂಬಬೇಕು. ತುಂಬಿದ ಮಕ್ಕರಿಯನ್ನು ತಲೆಗೇರಿಸಿಕೊಂಡು ಒಂದೇ ಉಸಿರಿಗೆ ಮೇಲೇಳಬೇಕು. ಆಗ ಭಾರವೆಲ್ಲ ಮಂಡಿಗೆ. ಲಂಗ ಹಾಕುವ ವಯಸ್ಸಿನಲ್ಲಿ ಅವ್ವನ ಹಿಂದೆ ಸಾಲು ಹಿಡಿದವಳು ಹೊನ್ನಕ್ಕ. ಬಸುರಿಯಲ್ಲೂ ಬಿಡಲಿಲ್ಲ, ಬಾಣಂತಿಯಾಗಿದ್ದಾಗಲೂ ಬಿಡಲಿಲ್ಲ. ಗಂಡ ಲಕ್ಕಯ್ಯನನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಮತ್ತೆ ಅದೇ ಸಾಲಿನಲ್ಲಿದ್ದಳು.

ಈಗ ಮಂಡಿ ಬಗ್ಗಿದರೆ ಬಗ್ಗಿದ್ದೇ, ಚಾಚಿದರೆ ಚಾಚಿದ್ದೇ. ಒಳಗೆ ಮರಳು ಅರೆದಂತೆ ಕರಕರ ಅನ್ನುತ್ತದೆ. ಪಂಚಾಯ್ತಿಯವರು ಕಟ್ಟಿಸಿಕೊಟ್ಟ ಕಕ್ಕಸು ನೆಲಕ್ಕೆ ಕೂರುವಂಥದು. ಅದರ ಸೂರಿಗೆ ದನ ಕಟ್ಟುವ ಹಗ್ಗ ಬಿಗಿದುಕೊಂಡಿದ್ದಳು. ಹಗ್ಗ ಹಿಡಿದು ಕೂರಬೇಕು, ಹಗ್ಗ ಹಿಡಿದು ಮೇಲಕ್ಕೆ ಜಗ್ಗಿಕೊಳ್ಳಬೇಕು. ಒಂದು ಸಲ ಹಗ್ಗ ಜಾರಿ ಅಲ್ಲೇ ಬಿದ್ದಳು. ಮಗಳು ಶೋಭಿತಾ ಹಾಸನದ ಗಾರ್ಮೆಂಟ್ಸಿನಿಂದ ಬರುವ ತನಕ ಆ ಹೊಲಸಿನಲ್ಲೇ ಬಿದ್ದಿದ್ದಳು. ಯಾರನ್ನೂ ಕೂಗಲಿಲ್ಲ. ಮರುದಿನದಿಂದ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಬಾಯಾರಿದರೆ ಎಂಜಲು ನುಂಗುತ್ತಾಳೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ, ಕಾಲು ಮಡಚಿ ಕೂತಿದ್ದಾನೆ. "ಇವನ್ಗೆ ಮಂಡಿ ನೋವಿಲ್ಲ ಬುಡು, ಪುಣ್ಯವಂತ" ಅಂತ ಅವಳು ಮಗಳ ಹತ್ತಿರ ನಗುವುದುಂಟು.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ನಮ್ಮ ಕಡೆಯ ನಾಲಿಗೆಗೆ ಹಕಾರ ಹತ್ತುವುದಿಲ್ಲ. ಗೌಡರಿಗೂ ಹತ್ತುವುದಿಲ್ಲ, ಕೇರಿಯವರಿಗೂ ಹತ್ತುವುದಿಲ್ಲ. ಅದೊಂದರಲ್ಲಿ ಎಲ್ಲರೂ ಸಮ. ಹೋಗು ಅನ್ನುವುದು ಓಗು, ಹಾಲು ಅನ್ನುವುದು ಆಲು, ಹೇಳು ಅನ್ನುವುದು ಏಳು. ಎದ್ದೇಳು ಅನ್ನುವುದಕ್ಕೂ ಏಳು. ಆರರ ಮುಂದಿನದೂ ಏಳು. ಶೋಭಿತಾ ಶಾಲೆಗೆ ಹೋಗುವಾಗ ಪಂಚಾಕ್ಷರಯ್ಯ ಮೇಷ್ಟ್ರು ಮಗ್ಗಿ ಕೇಳುತ್ತಿದ್ದರು. ಇವಳು "ಏಳ್ತೀನಿ ಸಾ" ಅಂದರೆ "ಏಳಬೇಡ ತಾಯಿ, ಕೂತ್ಕೊಂಡೇ ಹೇಳು" ಅಂತ ಕೀಟಲೆ ಮಾಡಿ ಇಡೀ ಶಾಲೆಯನ್ನು ನಗಿಸುತ್ತಿದ್ದರು. ಶೋಭಿತಾ ಹಟ ಹಿಡಿದು ಹಕಾರ ಕಲಿತಳು, ಡಿಗ್ರಿನೂ ಮಾಡಿದಳು. ಹೊನ್ನಕ್ಕನ ಕಿವಿಗೆ ಮಾತ್ರ ಹುಟ್ಟಿದಂದಿನಿಂದ ಒಂದೇ ಏಳು. ನಂಜಪ್ಪನವರ ಹಟ್ಟಿಯ ಮುಂದೆ ಕೂಲಿಯವರು ನೆಲಕ್ಕೆ ಕೂತಿರುತ್ತಾರೆ. ಅಯ್ಯನವರು ಒಳಗಿನಿಂದ ಬಂದರೆ ಬುದ್ಧಿ ಬುದ್ಧಿ ಅನ್ನುತ್ತಾ ಏಳಬೇಕು. ಅವರ ಹೆಂಡತಿ ಜಯಲಕ್ಷ್ಮಮ್ಮ ಬಂದರೆ ಏಳಬೇಕು. ಅವರ ಮನೆಗೆ ಬಂದ ನೆಂಟರ ಕೂಸು ಅಂಬೆಗಾಲಿಟ್ಟು ಬಂದರೂ ಏಳಬೇಕು. ಚಿಕ್ಕಂದಿನಲ್ಲಿ ಏಳುವುದು ಒಂದು ಗಳಿಗೆ ತಡವಾದರೆ ಅವ್ವ ತೊಡೆ ಚಿವುಟುತ್ತಿದ್ದಳು. "ಏಳು ಮುಂಡೇದೆ, ಏಳು." ಆ ಚಿವುಟು ಈಗಲೂ ತೊಡೆಯಲ್ಲಿದೆ.

ನಂಜಪ್ಪನವರ ಅಕ್ಕನ ಮಗ ರಜನೀಶ್ ಹಾಸನದ ಒಂದು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಯಾವುದೋ ಕಂಪನಿಯವರು ಮಂಡಿ ಸವೆತಕ್ಕೆ ಹೊಸ ಇಂಜೆಕ್ಷನ್ ಕಂಡುಹಿಡಿದಿದ್ದರು. ಅದರ ಸಂಶೋಧನೆ ಅವರ ಆಸ್ಪತ್ರೆಗೂ ಬಂದಿತ್ತು. ಸಂಶೋಧನೆಗೆ ಮಂಡಿಗಳು ಬೇಕಲ್ಲ? ಮಾವನಿಗೆ ಫೋನ್ ಮಾಡಿದ. ನಂಜಪ್ಪ ಶುಂಠಿ ಬೀಜ ಕಳಿಸುವಷ್ಟೇ ಸಲೀಸಾಗಿ ಒಂದು ಟೆಂಪೋ ಹೆಂಗಸರನ್ನು ತುಂಬಿ ಕಳಿಸಿದರು. ತಾವೂ ಕಾರಿನಲ್ಲಿ ಹೋದರು. ತಮ್ಮ ಮಂಡಿಯೂ ಇತ್ತಲ್ಲ.

"ಓಗ್ರಮ್ಮಿ, ನಿಮ್ ಒಳ್ಳೇದಕ್ಕೆ ಏಳ್ತಿರೋದು" ಅಂದಿದ್ದರು. ಇಷ್ಟವಿದೆಯೇ ಅಂತ ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲೂ ಕೇಳಲಿಲ್ಲ. ಸೈ ಹಾಕು ಅಂದರು, ಹೊನ್ನಕ್ಕ ಹಾಕಿದಳು.

ಪರೀಕ್ಷೆಯ ಕೋಣೆಯಲ್ಲಿ ಸಿಂಧು ಅನ್ನುವ ಹುಡುಗಿ ಇದ್ದಳು. ಕಾಲಿಗೆ ವ್ಯಾಯಾಮ ಮಾಡಿಸುವವಳು, ಚನ್ನರಾಯಪಟ್ಟಣದ ಕಡೆಯವಳು, ಮೆತ್ತಗಿನ ಮಾತು. ಕೋಣೆಯ ನಡುವೆ ಕೈಗಳಿಲ್ಲದ ಒಂದು ಕುರ್ಚಿ. ಗೋಡೆಯ ಬದಿಯ ಸೋಫಾದಲ್ಲಿ ನಂಜಪ್ಪನವರು ಕೂತಿದ್ದರು. ಹೊನ್ನಕ್ಕ ಒಳಗೆ ಬಂದವಳೇ ಗೋಡೆ ಹಿಡಿದು, ಹಲ್ಲು ಕಚ್ಚಿ, ನೆಲಕ್ಕೆ ಕೂತಳು.

"ಅಯ್ಯೋ ಅಮ್ಮ, ನೆಲದ ಮೇಲಲ್ಲ, ಕುರ್ಚಿ ಮೇಲೆ."

"ಬುಡವ್ವ, ನಂಗಿದೇ ಸರಿ."

"ಕುರ್ಚಿ ಮೇಲೆ ಕೂತ್ರೇನೇ ಪರೀಕ್ಷೆ ಮಾಡಕ್ಕಾಗೋದು."

ಹೊನ್ನಕ್ಕ ನಂಜಪ್ಪನವರ ಮುಖ ನೋಡಿದಳು. ಅವರು ಕಿಟಕಿಯ ಕಡೆಗೆ ತಿರುಗಿಕೊಂಡರು. ಅದನ್ನೇ ಅಪ್ಪಣೆ ಅಂದುಕೊಂಡು ಸೆರಗಿನಿಂದ ಕುರ್ಚಿ ಒರೆಸಿದಳು. ಆಮೇಲೆ ಅದರ ತುದಿಗೆ ಕೂತಳು. ಅವರೆದುರಿಗೆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಬೆನ್ನು ಹಿಂದಕ್ಕೆ ಆನಿಸಲಿಲ್ಲ.

ಪರೀಕ್ಷೆ ಇಷ್ಟೇ. ಎರಡು ಕೈಗಳನ್ನೂ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಪೂರ್ತಿ ನಿಲ್ಲಬೇಕು, ಕೂರಬೇಕು, ಮತ್ತೆ ಏಳಬೇಕು. ಗಡಿಯಾರ ಕೂಗುವುದರೊಳಗೆ ಎಷ್ಟು ಸಲ ಎದ್ದರೋ ಅಷ್ಟು. ಸಿಂಧು ಎದ್ದು ಕೂತು ತೋರಿಸಿದಳು. ಅಲ್ಲ ಸ್ವಾಮಿ, ಕೈಕಟ್ಟಿ ಎದ್ದು ನಿಲ್ಲುವುದನ್ನು ಹೊನ್ನಕ್ಕನಿಗೆ ಹೇಳಿಕೊಡಬೇಕೇ?

"ಮೂರು ಇಂಜೆಕ್ಷನ್ ಕೊಡ್ತಾರಮ್ಮ," ಅಂದಳು ಸಿಂಧು. "ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವ್ದು ಅಂತ ನಮಗೂ ಗೊತ್ತಿರಲ್ಲ. ಸಂಶೋಧನೆ ಅಂದ್ರೆ ಹಂಗೇನೇ."

"ಉಪ್ಪುನೀರಿಗೆ ಆಸನಕ್ಕೆ ಬರ್ಬೇಕಾ ಮಗ? ನಮ್ಮನೇಲೇ ಇತ್ತು."

ಸಿಂಧು ನಕ್ಕಳು. ಆಮೇಲೆ ಮುಖ್ಯವಾದ ಮಾತು ಹೇಳಿದಳು. "ಕೊನೇಲಿ ಇದೇ ಪರೀಕ್ಷೆ ಮತ್ತೆ ಮಾಡ್ತೀವಿ. ಎಂಟು ಸಲ ಎದ್ರೆ ವಾಸಿಯಾಯ್ತು ಅಂತ ಲೆಕ್ಕ. ಅದಕ್ಕಿಂತ ಒಂದು ಕಮ್ಮಿಯಾದ್ರೂ ವಾಸಿಯಾಗ್ಲಿಲ್ಲ ಅಂತ. ಅಂಥೋರಿಗೆ ಕಂಪನಿಯವರೇ ಪುಕ್ಕಟೆ ಆಪರೇಷನ್ ಮಾಡಿಸಿ ಹೊಸ ಮಂಡಿ ಹಾಕಿಸ್ತಾರೆ. ಆದ್ರೆ ಹೊಸ ಮಂಡಿ ಹಾಕಿದ್ಮೇಲೆ ಕುಕ್ಕರಗಾಲಲ್ಲಿ ಕೂರೋ ಹಂಗಿಲ್ಲ ಅಮ್ಮ, ನೆಲಕ್ಕೆ ಕೂರೋ ಹಂಗೇ ಇಲ್ಲ. ಅದೊಂದು ಕಷ್ಟ ನಿಮ್ಮಂಥೋರಿಗೆ."

"ಕೂರೋ ಅಂಗೇ ಇಲ್ವಾ? ಯಾರು ಏಳಿದ್ರೂ?"

"ಯಾರು ಹೇಳಿದ್ರೂ. ಡಾಕ್ಟ್ರೇ ಬರ್ದು ಕೊಡ್ತಾರೆ."

ಕಷ್ಟವಂತೆ ಕಷ್ಟ! ಹೊನ್ನಕ್ಕನಿಗೆ ಎದೆಯೊಳಗೆ ದೀಪ ಹಚ್ಚಿದಂತಾಯಿತು. ನೆಲಕ್ಕೆ ಕೂರಬಾರದು ಅಂತ ಡಾಕ್ಟರು ಬರೆದುಕೊಡುವ ಕಾಲು! ಆ ಕಾಲಿಗೆ ನಂಜಪ್ಪ ಕೂಡ ಕೂರು ಅನ್ನುವ ಹಾಗಿಲ್ಲ. ಟೆಂಪೋದಲ್ಲಿ ಊರಿಗೆ ಬರುವ ತನಕ ಅವಳಿಗೆ ಅದೇ ಯೋಚನೆ. ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹೇಳಿದಳು. ಶೋಭಿತಾ ತೂತಿರುವ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ, ಕಕ್ಕಸಿಗೆ ಅದನ್ನು ಇಡೋಣ, ಹಗ್ಗ ಕಿತ್ತು ಬಿಸಾಕೋಣ ಅಂದಳು. ನಾಳೆಯೇ ಮಂಡಿ ಬರುತ್ತದೇನೋ ಅನ್ನುವಂತೆ ಅವ್ವ ಮಗಳು ಮಾತಾಡಿದರು.

ಇಂಜೆಕ್ಷನ್ ಮೂರೂ ಆದವು. ಚುಚ್ಚಿದ ದಿನ ಮಂಡಿ ಕುಂಬಳಕಾಯಿಯಂತೆ ಊದುತ್ತಿತ್ತು. ಆಮೇಲೆ ಎರಡು ವಾರ ಹಗುರ ಅನ್ನಿಸುತ್ತಿತ್ತು. ಆಮೇಲೆ ಮತ್ತೆ ಕರಕರ. ಶುಂಠಿ ಕಳೆಯ ಕಾಲ, ಕೆಲಸ ನಿಲ್ಲಲಿಲ್ಲ. ಚುಚ್ಚಿದ ಮಾರನೆಯ ದಿನ ರಜೆ ಬೇಕು ಅಂತ ಆಸ್ಪತ್ರೆಯವರು ಹೇಳಿದ್ದರು. ನಂಜಪ್ಪನವರು ತಾವು ಮಾತ್ರ ತಪ್ಪದೆ ಆ ರಜೆ ತೆಗೆದುಕೊಂಡರು.

ಕೊನೆಯ ಪರೀಕ್ಷೆಯ ದಿನ ನಂಜಪ್ಪನವರದೇ ಮೊದಲು. ಒಂದು ಸಲ ಎದ್ದರು, ಕೂತರು. ಎರಡನೆಯ ಸಲ "ಉಸ್ಸಪ್ಪಾ" ಅಂದರು. ನಾಲ್ಕಕ್ಕೆ ಕೈ ಬಿಟ್ಟರು. "ಆಗಾಕಿಲ್ಲ ಕಣಮ್ಮ, ಬುಟ್ಬುಡು" ಅಂದು ಸೋಫಾಕ್ಕೆ ಹೋಗಿ ಬಿದ್ದರು. ಆಗುವುದಿಲ್ಲ ಅನ್ನುವ ಮಾತು ಅವರ ಬಾಯಿಗೆ ಎಷ್ಟು ಸಲೀಸಾಗಿ ಬಂತು ನೋಡಿ. ಹೊನ್ನಕ್ಕನಿಗೆ ಆ ಮಾತೇ ಗೊತ್ತಿರಲಿಲ್ಲ.

ಅವಳ ಸರದಿ ಬಂತು. ಮೋಸ ಮಾಡಬೇಕು, ಬೇಕಂತಲೇ ಕಡಿಮೆ ಏಳಬೇಕು ಅಂತ ಅವಳ ತಲೆಗೆ ಹೊಳೆಯಲೂ ಇಲ್ಲ. ಕೈ ಕಟ್ಟಿದಳು. ಸಿಂಧು ಗಡಿಯಾರ ಒತ್ತಿದಳು. ಎದ್ದಳು. ಕೂತಳು. ಮೂರಕ್ಕೆ ಬಲಮಂಡಿ ಕಟಕ್ ಅಂದಿತು. ನಾಲ್ಕಕ್ಕೆ ಕಣ್ಣಲ್ಲಿ ನೀರು. ನಂಜಪ್ಪನವರು ನೋಡುತ್ತಿದ್ದಾರೆ, ನಿಲ್ಲಿಸುವುದು ಹೇಗೆ? ಐದು. ಆರಕ್ಕೆ ತೊಡೆ ಗಡಗಡ ನಡುಗಿತು. ಏಳನೆಯ ಸಲ ಅರ್ಧಕ್ಕೆ ನಿಂತು, ತುಟಿ ಕಚ್ಚಿ, ಹೇಗೋ ನೆಟ್ಟಗಾಗಿ, ಧೊಪ್ಪನೆ ಕೂತಳು. ಅಷ್ಟೇ. ಮುಗಿಯಿತು. ಇನ್ನು ಮಂಡಿಯಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ಮುಚ್ಚಿ, ತಲೆ ಬಗ್ಗಿಸಿ ಕೂತುಬಿಟ್ಟಳು. ಗಡಿಯಾರ ಇನ್ನೂ ಕೂಗಿರಲಿಲ್ಲ.

ಬಾಗಿಲು ತಳ್ಳಿಕೊಂಡು ಡಾಕ್ಟರ್ ರಜನೀಶ್ ಬಂದರು. ಕಿವಿಯಲ್ಲಿ ಫೋನು.

"ಸಿಂಧು, ಎಷ್ಟಾಯ್ತು?"

"ಏಳು!" ಅಂದಳು ಸಿಂಧು, ಫೋನಿನಲ್ಲಿದ್ದವರಿಗೆ ಕೇಳಲಿ ಅಂತ ಗಟ್ಟಿಯಾಗಿ.

ಹೊನ್ನಕ್ಕ ಎದ್ದು ನಿಂತಳು.

ಹೇಗೆ ಎದ್ದಳೋ ಅವಳಿಗೇ ಗೊತ್ತಿಲ್ಲ. ಮುಚ್ಚಿದ ಕಣ್ಣು ಬಿಡುವುದರೊಳಗೆ ಮೈ ಎದ್ದಿತ್ತು. ಗಡಿಯಾರ ಕೂಗಿತು.

"ಎಂಟು! ವೆರಿ ಗುಡ್!" ಅಂದರು ಡಾಕ್ಟರು. "ಬರ್ಕೊಳ್ಳಿ ಸಿಂಧು, ಎಂಟು. ನೋಡಿದ್ರಾ ಮಾವ, ಹೆಂಗೆ ಎದ್ಲು? ಏನಮ್ಮ, ಈಗ ಹೆಂಗಿದೆ?"

ಡಾಕ್ಟರು ಹೇಗಿದ್ದೀಯ ಅಂದರೆ, ಅಯ್ಯನವರು ಹೇಗಿದ್ದೀಯ ಅಂದರೆ, ಕೇರಿಯವರ ಬಾಯಿಗೆ ಬರುವುದು ಒಂದೇ ಉತ್ತರ. ಹೊನ್ನಕ್ಕನ ಬಾಯಿಗೂ ಬಂತು.

"ನಿಮ್ ದಯ, ವಾಸಿ ಬುದ್ಧಿ."

ನಂಜಪ್ಪ ಹೊಟ್ಟೆ ಹಿಡಿದು ನಕ್ಕರು. "ಅವ್ಳಿಗೆ ಏಳು ಅಂದ್ಬುಟ್ರೆ ಸಾಕು ಕಣೋ, ಎದ್ದೇ ಏಳ್ತಾಳೆ. ನಮ್ಮಟ್ಟೀಲಿ ಕಲಿಸಿರೋ ಬುದ್ಧಿ ಅದು." ಸಿಂಧು ನಗಲಿಲ್ಲ. ಪೆನ್ನು ಹಿಡಿದುಕೊಂಡು ಒಂದು ಕ್ಷಣ ಡಾಕ್ಟರ ಮುಖ ನೋಡಿದಳು. ಆಮೇಲೆ ಬರೆದಳು.

ಸಂಜೆ ಶೋಭಿತಾ ಬಂದು ಏನಾಯ್ತು ಅಂತ ಕೇಳಿದಾಗ ಹೊನ್ನಕ್ಕ ನಡೆದದ್ದನ್ನು ನಡೆದ ಹಾಗೆ ಹೇಳಿದಳು. "ಇನ್ನಾಗಾಕಿಲ್ಲ ಅಂತ ಕೂತಿದ್ದೆ ಕಣ್ ಮಗ. ಆ ಮಗ ಸಿಂಧು ಮತ್ತೆ ಏಳು ಅಂತು. ಎದ್ಬುಟ್ಟೆ."

ಶೋಭಿತಾ ತಲೆಯ ಮೇಲೆ ಕೈಹೊತ್ತು ಕೂತಳು. "ಅವ್ವಾ, ಅದು ಎದ್ದೇಳು ಅಂದಿದ್ದಲ್ಲ ಕಣವ್ವ. ಲೆಕ್ಕ! ಆರು ಆದ್ಮೇಲೆ ಏಳು! ನೀನು ಎದ್ದಿದ್ದು ಏಳು ಸಲ ಅಂತ ಡಾಕ್ಟ್ರಿಗೆ ಹೇಳಿದ್ದು!"

ಹೊನ್ನಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಳಲಿಲ್ಲ. ತನ್ನ ಮಂಡಿಗೆ ತಾನೇ ಫಟಾರನೆ ಹೊಡೆದುಕೊಂಡಳು. "ಮನೆ ಆಳ್ಮಾಡೋ ಕಾಲೇ! ಕೂತಿರಾಕೆ ಆಗ್ನಿಲ್ವಾ ನಿಂಗೆ? ಒಂದ್ ಗಳಿಗೆ ಕೂತಿರಾಕೆ ಆಗ್ನಿಲ್ವಾ?" ಮಗಳು ಕೈ ಹಿಡಿದುಕೊಂಡಳು. ಹಿಡಿದರೂ ಬಿಡಿಸಿಕೊಂಡು ಮತ್ತೆ ಹೊಡೆದುಕೊಂಡಳು.

ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದರು. ಶೋಭಿತಾ ಕಲಿತ ಹಕಾರವನ್ನೆಲ್ಲ ಖರ್ಚು ಮಾಡಿ ವಿವರಿಸಿದಳು. ರಜನೀಶ್ ಮೊದಲು ನಕ್ಕರು, ಆಮೇಲೆ ಗಡಿಯಾರ ನೋಡಿಕೊಂಡರು.

"ಅದೆಲ್ಲ ಕಂಪ್ಯೂಟರ್‌ಗೆ ಹೋಗಿ ಲಾಕ್ ಆಯ್ತಮ್ಮ. ನಾನೂ ತೆಗೆಯೋಕಾಗಲ್ಲ. ಮತ್ತೆ ನಿಮ್ಮಮ್ಮ ಎದ್ದಿದ್ದು ಸುಳ್ಳಾ? ಹೇಳಮ್ಮ, ನೀನು ಎದ್ದೆಯೋ ಇಲ್ವೋ?"

"ಎದ್ದೆ ಬುದ್ಧಿ."

"ನೋವಿದ್ರೆ ಏಳೋಕಾಗ್ತಿತ್ತಾ?"

ನೋವಿಲ್ಲದೆ ತಾನು ಎಂದು ಎದ್ದಿದ್ದೆ ಅಂತ ಹೊನ್ನಕ್ಕ ನೆನಪು ಮಾಡಿಕೊಂಡಳು. ಸಿಗಲಿಲ್ಲ. "ವಾಸಿ ಅಂತ ನೀನೇ ಹೇಳಿದ್ದೀಯ. ಅದನ್ನೂ ಬರ್ಕೊಂಡಿದ್ದೀವಿ" ಅಂದರು ಡಾಕ್ಟರು. ಹೊರಗಿನ ಓಣಿಯಲ್ಲಿ ಸಿಂಧು ಎದುರಾದಳು. ಶೋಭಿತಾ ದುರುಗುಟ್ಟಿ ನೋಡಿದಾಗ ಅವಳು ಹೊನ್ನಕ್ಕನ ಕೈ ಹಿಡಿದಳು. "ತಪ್ಪಾಯ್ತಮ್ಮ. ನನ್ನದು ಕಾಂಟ್ರಾಕ್ಟ್ ಕೆಲಸ, ಸಾರ್ ಎದುರಿಗೆ ಬಾಯಿ ಬರ್ಲಿಲ್ಲ." ಹೊನ್ನಕ್ಕನೇ ಅವಳಿಗೆ ಸಮಾಧಾನ ಹೇಳಿದಳು. ಅದನ್ನು ಕಂಡು ಶೋಭಿತಾಳಿಗೆ ಮೈ ಉರಿದುಹೋಯಿತು.

ನಾಲ್ಕಕ್ಕೆ ಕೈಬಿಟ್ಟ ನಂಜಪ್ಪನವರಿಗೆ ಪುಕ್ಕಟೆ ಹೊಸ ಮಂಡಿ ಬಂತು. ಜಯಲಕ್ಷ್ಮಮ್ಮ ಬಿಸಿನೀರು ಕಾಯಿಸಿಕೊಟ್ಟರು, ಸೋದರಳಿಯ ಮನೆಗೇ ಬಂದು ನೋಡಿಕೊಂಡ. ಎರಡು ತಿಂಗಳಲ್ಲಿ ಕೋಲು ಹಿಡಿದು ಹೊಲದ ಬದುವಿನ ಮೇಲೆ ಓಡಾಡತೊಡಗಿದರು. ಕೆಳಗೆ ಶುಂಠಿ ಸಾಲಿನಲ್ಲಿ ಹೊನ್ನಕ್ಕ ಎರಡೂ ಕಾಲು ಮುಂದೆ ಚಾಚಿಕೊಂಡು, ಕುಂಡಿ ಎಳೆದುಕೊಂಡು ಕಳೆ ಕೀಳುತ್ತಿದ್ದಳು. ಸೀರೆ ಹರಿದು, ಹಿಂಬದಿ ತರಚಿ ರಕ್ತ ಬರುತ್ತಿತ್ತು.

"ಏನಮ್ಮಿ ಅದು, ಕಾಲ್ ಚಾಚ್ಕಂಡು? ಗಿಡ ಎಲ್ಲಾ ಮುರೀತಿದ್ದೀಯ. ನೆಟ್ಟಗೆ ಕುಕ್ಕರಗಾಲಲ್ಲಿ ಕೂರು."

"ಮಂಡಿ ಬಗ್ಗಾಕಿಲ್ಲ ಬುದ್ಧಿ."

"ವಾಸಿಯಾಗದೆ ಅಂತ ಡಾಕ್ಟ್ರೇ ಬರ್ದವ್ರೆ. ಸುಳ್ಳು ಏಳ್ತೀಯ?"

ಹೊನ್ನಕ್ಕ ಕುಕ್ಕರಗಾಲಲ್ಲಿ ಕೂತಳು. ಏನು ಮಾಡಬೇಕಿತ್ತು ಅವಳು? ಕೇರಿಯಿಂದ ಟಾರ್ ರಸ್ತೆಗೆ ಹೋಗುವ ದಾರಿ ಇದ್ದದ್ದೇ ಆ ಬದುವಿನ ಮೇಲೆ. ಶೋಭಿತಾ ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವುದೂ ಅದರ ಮೇಲೇ. ಆ ದಾರಿಗೆ ಬೇಲಿ ಹಾಕುತ್ತೇನೆ ಅನ್ನುವ ಮಾತು ನಂಜಪ್ಪನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಹೀಗಿರುವಾಗ ಕಂಪನಿಯವರು ಬರುತ್ತಾರೆ ಅನ್ನುವ ಸುದ್ದಿ ಬಂತು. ಹೊಸ ಇಂಜೆಕ್ಷನ್ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಅಂತ ತೋರಿಸಲು ಆಸ್ಪತ್ರೆಯ ಹಾಲಿನಲ್ಲಿ ಸಮಾರಂಭ. ತೋರಿಸಲು ಒಬ್ಬಳು ಬೇಕು. ಹೊಲದಲ್ಲಿ ದುಡಿಯುವ ಹೆಂಗಸು, ಎಂಟು ಸಲ ಎದ್ದವಳು, ಯಾರು ಹೇಳಿ? ನಂಜಪ್ಪ ಬದುವಿನ ಮೇಲೆ ನಿಂತು ಕೂಗಿದರು.

"ಓಗಿ ಅವ್ರ ಮುಂದೆ ಕುರ್ಚಿಯಿಂದ ಎದ್ದು ತೋರ್ಸು. ನನ್ ಅಳಿಯನ ಮಾನದ ಪ್ರಶ್ನೆ. ಅದೂ ಇದೂ ಅಂದ್ರೆ ನಾಳೆಯಿಂದ ಒಲಕ್ಕೂ ಬರ್ಬ್ಯಾಡ, ಈ ಬದಿನ್ ಮ್ಯಾಲೂ ಬರ್ಬ್ಯಾಡ."

ಅತ್ತ ದರಿ, ಇತ್ತ ಪುಲಿ. ಎದ್ದರೆ ಮಂಡಿ ವಾಸಿ ಅಂತ ಲೋಕಕ್ಕೆಲ್ಲ ಸಾರಿದ ಹಾಗೆ, ಹೊಸ ಮಂಡಿಯ ಆಸೆ ಅಲ್ಲಿಗೆ ಮಣ್ಣು. ಏಳದಿದ್ದರೆ ಅನ್ನಕ್ಕೆ ಕಲ್ಲು, ದಾರಿಗೆ ಮುಳ್ಳು. ಶೋಭಿತಾ ಹೋಗಬೇಡ ಅಂದಳು. "ಓಗ್ದೆ ಇದ್ರೆ ನೀನು ಬಸ್ಸಿಗೆ ಯಂಗ್ ಓಗ್ತೀಯ ಮಗ?" ಅಂದಳು ಹೊನ್ನಕ್ಕ. ಸಮಾರಂಭದ ದಿನ ಮಗಳು ಕೆಲಸಕ್ಕೆ ರಜೆ ಹಾಕಿ ಅವ್ವನ ಜೊತೆ ಹೊರಟಳು.

ಹಾಲಿನ ತುಂಬ ಕೋಟು ಹಾಕಿದವರು. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ನಂಜಪ್ಪ, ಹೊಸ ಮಂಡಿ ಚಾಚಿಕೊಂಡು. ಅವರ ಪಕ್ಕ ಕಂಪನಿಯ ದೊಡ್ಡ ಮನುಷ್ಯರೊಬ್ಬರು, ಕನ್ನಡ ಬಲ್ಲವರು. ವೇದಿಕೆಯ ಮೇಲೆ ಅದೇ ಕೈಗಳಿಲ್ಲದ ಕುರ್ಚಿ. ಸಿಂಧು ಗಡಿಯಾರ ಹಿಡಿದು ನಿಂತಿದ್ದಳು. ಹೊನ್ನಕ್ಕ ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹತ್ತುವಾಗ ನೋವಿಗೆ ಬೆವರು ಕಿತ್ತುಬಂತು. ಕುರ್ಚಿಯಲ್ಲಿ ಕೂತಳು. ಈ ಸಲ ಒರೆಸಲಿಲ್ಲ. ಸುಸ್ತಾಗಿತ್ತು, ಬೆನ್ನನ್ನು ಹಿಂದಕ್ಕೆ ಆನಿಸಿದಳು. ಅಬ್ಬಾ, ಎಷ್ಟು ಹಾಯಾಗಿತ್ತು! ಐವತ್ತು ದಾಟಿದ ಬೆನ್ನು ಮೊದಲ ಸಲ ಇನ್ನೊಂದಕ್ಕೆ ಒರಗಿತ್ತು. ಹೀಗೂ ಕೂರಬಹುದಾ ಅನ್ನಿಸಿತು. ನಂಜಪ್ಪ ದಿನಾ ಕೂರುವುದು ಹೀಗೇನಾ ಅನ್ನಿಸಿತು.

ರಜನೀಶ್ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರು. ಪರದೆಯ ಮೇಲೆ ಅವಳ ಮಂಡಿಯ ಮೂಳೆಯ ಚಿತ್ರ ಬಂತು. ಯಾರೋ ಚಪ್ಪಾಳೆ ತಟ್ಟಿದರು.

"ಹಾಂ, ಈಗ ಏಳಮ್ಮ" ಅಂದರು ಡಾಕ್ಟರು. ಸಿಂಧು ಗಡಿಯಾರ ಒತ್ತಿದಳು.

ಹೊನ್ನಕ್ಕನ ತೊಡೆ ಅದುರಿತು. ಅವ್ವ ಚಿವುಟಿದ ಜಾಗ ಅದು. ಎರಡು ಕೈಯಲ್ಲೂ ತೊಡೆಯನ್ನು ಅದುಮಿ ಹಿಡಿದಳು, ಓಡಿಹೋಗುವ ಹಸುವನ್ನು ಹಿಡಿದಂತೆ.

"ಏಳಮ್ಮ, ಏನು, ಏಳೋಕಾಗ್ತಿಲ್ವಾ?"

"ಆಯ್ತದೆ ಸಾ," ಅಂದಳು ಹೊನ್ನಕ್ಕ. "ಜೀವ ಇರೋಗಂಟ ಆಯ್ತದೆ. ಏಳಾಕಿಲ್ಲ."

ಹಾಲಿನಲ್ಲಿ ಗುಸುಗುಸು. ನಂಜಪ್ಪ ಕೋಲನ್ನು ನೆಲಕ್ಕೆ ಕುಟ್ಟಿದರು. "ಏಯ್ ಒನ್ನಿ! ಏಳೇ! ಏಳು ಅಂತ ಏಳ್ತಿಲ್ವಾ ನಾನು? ಏಳು!"

ಹೊನ್ನಕ್ಕ ಅವರ ಮುಖವನ್ನು ನೇರವಾಗಿ ನೋಡಿದಳು. ಆ ಮುಖವನ್ನು ಅವಳು ಹೀಗೆ ಕುರ್ಚಿಗೆ ಒರಗಿ ಕೂತು ನೋಡಿದ್ದೇ ಇಲ್ಲ. ನೋಡಿದರೆ ಎಲ್ಲರ ಮುಖದಂತೆಯೇ ಇತ್ತು.

"ಏಳ್ತೀನಿ ನಂಜಪ್ನೋರೆ," ಅಂದಳು. ಬುದ್ಧಿ ಅನ್ನಲಿಲ್ಲ. "ಏಳು ಅಂದ್ರಲ್ಲ, ಏಳ್ತೀನಿ. ಕೂತ್ಕಂಡೇ ಏಳ್ತೀನಿ. ಎಲ್ಲ್ರೂ ಕೇಳ್ಕಳಿ. ನಂಗೆ ವಾಸಿಯಾಗಿಲ್ಲ. ಅವತ್ತು ನಾ ಎದ್ದಿದ್ದು ಏಳೇ ಸಲ. ಈ ಮಗ ಏಳು ಅಂತ ಲೆಕ್ಕ ಏಳ್ತು. ನಂಗೆ ಎದ್ದೇಳು ಅಂದಂಗೆ ಕೇಳುಸ್ತು, ಎದ್ಬುಟ್ಟೆ. ನನ್ನ ಎಬ್ಬಿಸಿದ್ದು ನಿಮ್ ಸೂಜಿ ಅಲ್ಲ ಸಾ. ಇವ್ರ ಅಟ್ಟಿ ಬಾಗ್ಲು ಎಬ್ಬಿಸಿದ್ದು. ನಮ್ಮವ್ವನ್ನೂ ಅದೇ ಎಬ್ಬಿಸ್ತಿತ್ತು. ಬಯಕ್ಕೆ ಎದ್ದೆ ನಾನು. ಅದ್ನೂ ಬರ್ಕಳಿ ನಿಮ್ ಕಂಪೂಟ್ರಲ್ಲಿ."

"ಮುಚ್ಚೇ ಬಾಯ!" ನಂಜಪ್ಪ ಕೋಲೂರಿ ಧಡಕ್ಕನೆ ಎದ್ದು ನಿಂತರು. ಹೊಸ ಮಂಡಿ ಚೆನ್ನಾಗಿಯೇ ಎತ್ತಿತು. "ನಾಳೆ ಬದಿನ್ ಮ್ಯಾಲೆ ಕಾಲಿಡು, ಮುರೀತೀನಿ!"

"ಮುರೀರಿ ಬುಡಿ. ಅದ್ರಲ್ಲಿ ಏನದೆ ಇನ್ನ ಮುರಿಯಾಕೆ?"

ಮೈಕು ಕೀ ಅಂತು. ಕಂಪನಿಯ ದೊಡ್ಡ ಮನುಷ್ಯರು ಎದ್ದರು. ಅವರು ಎದ್ದದ್ದು ಕಂಡು ಅವರ ಜೊತೆಯವರೂ ಎದ್ದರು, ಹಿಂದಿನ ಸಾಲಿನ ಕೋಟುಗಳೆಲ್ಲ ಎದ್ದವು. ಯಾರಿಗೂ ಏನು ಮಾಡಬೇಕು ಅಂತ ತಿಳಿಯದೆ ಎಲ್ಲರೂ ನಿಂತೇ ಇದ್ದರು. ಅಷ್ಟರಲ್ಲಿ ಗಡಿಯಾರ ಕೂಗಿತು.

"ಎಷ್ಟು?" ಅಂದರು ಕಂಪನಿಯವರು ಸಿಂಧುವಿನ ಕಡೆ ತಿರುಗಿ.

ರಜನೀಶ್ ಕಣ್ಣಲ್ಲೇ ಅವಳನ್ನು ತಿಂದುಬಿಡುವಂತೆ ನೋಡಿದರು. ಆದರೂ ಸಿಂಧು ಗಟ್ಟಿಯಾಗಿಯೇ ಹೇಳಿದಳು.

"ಸೊನ್ನೆ, ಸಾರ್. ಅವತ್ತೂ ಎಂಟಲ್ಲ."

ಶೋಭಿತಾ ಅವ್ವನ ಹತ್ತಿರ ಬಂದು ಕೈ ಚಾಚಿದಳು. ನಾಳೆ ಬೆಳಿಗ್ಗೆ ಬಸ್ಸಿಗೆ ಯಾವ ದಾರಿ ಅಂತ ಅವಳಿಗೂ ಗೊತ್ತಿರಲಿಲ್ಲ. ಡಾಕ್ಟರ ಮಾನ ಹೀಗೆ ಕಳೆದ ಮೇಲೆ ಹೊಸ ಮಂಡಿ ಇನ್ನು ಈ ಜನ್ಮಕ್ಕಿಲ್ಲ ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿತ್ತು.

"ಏಳವ್ವ, ಹೋಗಣ."

ಹೊನ್ನಕ್ಕ ಹಾಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದಳು. ನಂಜಪ್ಪ ನಿಂತಿದ್ದರು. ಡಾಕ್ಟರು ನಿಂತಿದ್ದರು. ಕೋಟು ಹಾಕಿದವರೆಲ್ಲ ನಿಂತಿದ್ದರು. ಅವಳು ಮತ್ತೊಮ್ಮೆ ಬೆನ್ನನ್ನು ಕುರ್ಚಿಗೆ ಆನಿಸಿದಳು.

"ಒಸಿ ತಡಿ ಮಗ," ಅಂದಳು. "ಎಲ್ಲ್ರೂ ನಿಂತವ್ರೆ. ಒಸಿ ಒತ್ತು ಕೂತಿರ್ತೀನಿ."